ಖ್ಮೇರ್ ಹೊಸವರ್ಷ: ಹಬ್ಬವನ್ನು ಟಿವಿ ಮತ್ತು ಧ್ವನಿವರ್ಧಕ ಕೆಡಿಸಿವೆಯೇ?

ಹೇಮಾವತಿ ತೀರ:
ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಎರಡು ವರ್ಷಗಳಿಂದ ಕಾಂಬೋಡಿಯಾದ ನೋಮ್ ಪೆನ್ ನಗರದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಇಲ್ಲಿನ ಖ್ಮೇರ್ ಜನರ ಹೊಸವರ್ಷ, ಅಂದರೆ ‘ಚೋಲ್ ಚ್ನಾಮ್ ಥ್ಮೇಯ್’, ಬಂದಾಗ ನಾನು ನಗರ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಹಬ್ಬಕ್ಕೆ ಎರಡು ದಿನ ಮೊದಲೇ ಬೀದಿಗಳು ಬರಿದಾದವು, ನಾನು ತರಕಾರಿ ಕೊಳ್ಳುವ ಅಂಗಡಿಯವರೂ ಬಾಗಿಲು ಹಾಕಿ ಊರಿಗೆ ಹೊರಟರು. ಊರಿಗೆ ಹೋಗದೆ ಉಳಿದಿದ್ದ ಮನೆಯೊಡತಿ ಬಾಗಿಲ ಮುಂದೆ ಮೇಜಿಟ್ಟು ಬಾಳೆಹಣ್ಣು, ಎಳನೀರು, ಊದುಬತ್ತಿ, ಮೋಂಬತ್ತಿ ಮತ್ತು ತಂಪು ಪಾನೀಯದ ಡಬ್ಬಿಗಳನ್ನು ಜೋಡಿಸಿ, ಹೊಸವರ್ಷದ ದೇವತೆ ಇಳಿದು ಬರುವ ಗಳಿಗೆಗಾಗಿ ಟಿವಿಯ ಮುಂದೆ ಕಾದು ಕುಳಿತರು. ಆ ಗಳಿಗೆ ಬಂದಾಗ ಪರದೆಯ ಮೇಲೆ ಅಲಂಕರಿಸಿಕೊಂಡ ಯುವತಿಯರು ದೇವತೆಯ ವೇಷದಲ್ಲಿ ಕಾಣಿಸಿಕೊಂಡರು, ಮನೆಯವರೆಲ್ಲ ಕೈಮುಗಿದರು. ಅದಾದ ಅರ್ಧ ಗಂಟೆಯೊಳಗೆ ಪಕ್ಕದ ಗಲ್ಲಿಯಿಂದ ಎದೆ ನಡುಗಿಸುವಂಥ ಸಂಗೀತ ಆರಂಭವಾಯಿತು.

ಈ ವರ್ಷ ಸಹೋದ್ಯೋಗಿಯೊಬ್ಬಳು ನನ್ನನ್ನು ಕಂಪಾಂಗ್ ಚಾಮ್ ಪ್ರಾಂತ್ಯದ ತನ್ನ ಹಳ್ಳಿಗೆ ಕರೆದಿದ್ದಾಳೆ. ಅವಳ ತಾಯಿ ದೂರವಾಣಿಯಲ್ಲಿ ಮಾತನಾಡುತ್ತ, “ಈಗಿನದು ಹಬ್ಬವಲ್ಲ, ಬಿಯರ್ ಕಂಪನಿಯವರ ಕಾರ್ಯಕ್ರಮ” ಎಂದು ನೊಂದುಕೊಂಡರು. ಮಗಳಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ನನಗೂ ಯಾರ ಮಾತು ಸರಿ ಎಂದು ತಿಳಿಯುತ್ತಿಲ್ಲ. ಟಿವಿ ವಾಹಿನಿಗಳು, ಹಾಡಿನ ಕಂಪನಿಗಳು ಮತ್ತು ಫೇಸ್‌ಬುಕ್ ಈ ಹಬ್ಬವನ್ನು ನಿಜವಾಗಿ ಬದಲಿಸಿವೆಯೇ? ಇಲ್ಲಿ ಬಹುಕಾಲ ಬಾಳಿದವರು ಹೇಳಬೇಕು. ಜೊತೆಗೆ, ಅತಿಥಿಯಾಗಿ ಹೋಗುವಾಗ ಏನು ಒಯ್ಯಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ. ನಾನು ಸಸ್ಯಾಹಾರಿ.

ಮೌನ ಓದುಗ:
ಹಣ್ಣಿನ ಬುಟ್ಟಿಯೊಂದನ್ನೂ, ಆ ತಾಯಿಗೆ ಉಡಲು ಒಂದು ಬಟ್ಟೆಯನ್ನೂ ಒಯ್ಯಿರಿ. ಹೊಸವರ್ಷಕ್ಕೆ ಹಿರಿಯರಿಗೆ ಬಟ್ಟೆ ಕೊಡುವುದು ಅಲ್ಲಿನ ವಾಡಿಕೆ.

ಬಿಸುಕಣಿ:
ಉಡುಪಿಯಿಂದ ಬರೆಯುತ್ತಿದ್ದೇನೆ. ಖ್ಮೇರ್ ಹೊಸವರ್ಷ ಬರುವುದು ಏಪ್ರಿಲ್ 13 ಅಥವಾ 14ಕ್ಕೆ, ಸೂರ್ಯನು ಮೇಷ ರಾಶಿಯನ್ನು ಪ್ರವೇಶಿಸುವಾಗ. ಅದೇ ನಮ್ಮ ಬಿಸು, ಅದೇ ಸೌರಮಾನ ಯುಗಾದಿ. ಅವರ ಮೊದಲ ದಿನದ ಹೆಸರು ‘ಮೋಹಾ ಸಂಕ್ರಾನ್’. ಇದು ಮಹಾಸಂಕ್ರಾಂತಿಯೇ ಅಲ್ಲವೇ? ಅವರ ತಿಂಗಳುಗಳು ಚೇತ್, ಪಿಸಾಕ್, ಚೇಸ್, ಆಸಾತ್, ಸ್ರಾಪ್. ನಮ್ಮವು ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ, ಶ್ರಾವಣ. ವಾರದ ಹೆಸರುಗಳು ಆತಿತ್, ಚಾನ್, ಅಂಗಾರ್, ಪುತ್. ಹೀಗಿರುವಾಗ ಇದನ್ನು ಬೇರೆಯವರ ಹಬ್ಬವೆಂದು ನೋಡುವ ಅಗತ್ಯವೇ ಇಲ್ಲ. ಎಲ್ಲವೂ ಇಲ್ಲಿಂದ ಹೋದದ್ದು. ಹೇಮಾವತಿಯವರು ತವರಿಗೆ ಹೋದಂತೆ ಹೋಗಿ ಬರಲಿ.

ಅರ್ಧ ಖ್ಮೇರ್ ಮನೆ:
ಬಿಸುಕಣಿಯವರೇ, ಪಂಚಾಂಗದ ನಂಟನ್ನು ನೀವು ಸರಿಯಾಗಿ ಗುರುತಿಸಿದ್ದೀರಿ. ಆದರೆ ‘ಎಲ್ಲವೂ ಇಲ್ಲಿಂದ ಹೋದದ್ದು’ ಎಂಬ ಮಾತನ್ನು ನಾನು ಒಪ್ಪಲಾರೆ. ನನ್ನ ಹೆಂಡತಿ ಬತ್ತಂಬಾಂಗ್ ಕಡೆಯವಳು, ಮದುವೆಯಾಗಿ ಹದಿನೈದು ವರ್ಷಗಳಾದವು. ಅವರು ಹನ್ನೆರಡು ಪ್ರಾಣಿಗಳ ಚಕ್ರದಿಂದ ವರ್ಷ ಎಣಿಸುತ್ತಾರೆ, ಮೂರನೆಯ ದಿನ ಬುದ್ಧನ ಮೂರ್ತಿಗೆ ಸುಗಂಧದ ನೀರೆರೆಯುತ್ತಾರೆ, ವಾಟ್‌ನ, ಅಂದರೆ ಬೌದ್ಧ ವಿಹಾರದ, ಅಂಗಳದಲ್ಲಿ ಮರಳಿನ ಗುಡ್ಡ ಕಟ್ಟಿ ಪುಣ್ಯ ಗಳಿಸುತ್ತಾರೆ. ನಮ್ಮ ಬಿಸುವಿನಲ್ಲಿ ಇವು ಯಾವುವೂ ಇಲ್ಲ, ಅವರಲ್ಲಿ ಬೆಳಗ್ಗೆ ಎದ್ದೊಡನೆ ನೋಡಲು ಹಣ್ಣು ಹೂವುಗಳ ಕಣಿ ಇಡುವುದಿಲ್ಲ. ಒಂದೇ ಸಂಕ್ರಮಣವನ್ನು ಲಾವೋಸ್, ಮ್ಯಾನ್ಮಾರ್, ಥಾಯ್ಲೆಂಡ್, ಶ್ರೀಲಂಕಾದವರೂ ತಮ್ಮ ತಮ್ಮ ರೀತಿಯಲ್ಲಿ ಆಚರಿಸುತ್ತಾರೆ. 2023ರ ಡಿಸೆಂಬರ್‌ನಲ್ಲಿ ಥಾಯ್ಲೆಂಡಿನ ಸೋಂಗ್‌ಕ್ರಾನ್ ಯುನೆಸ್ಕೋ ಪಟ್ಟಿಗೆ ಸೇರಿದಾಗ ಖ್ಮೇರ್ ಯುವಕರು ಅಂತರ್ಜಾಲದಲ್ಲಿ “ಇದು ನಮ್ಮದು” ಎಂದು ವಾದಕ್ಕಿಳಿದಿದ್ದರು. ಆ ಜಗಳದ ನಡುವೆ ನಾವೂ ಹೋಗಿ “ಅಲ್ಲ, ಇದು ನಮ್ಮದು” ಎಂದು ನಿಲ್ಲುವುದು ಅತಿಥಿಗಳಿಗೆ ಒಪ್ಪುವ ನಡತೆಯಲ್ಲ.

ಇನ್ನು ದೇವತೆಯ ವಿಷಯ. ಟಿವಿಯಲ್ಲಿ ಬರುವ ಆ ದೃಶ್ಯ ಟಿವಿಯವರ ಕಲ್ಪನೆಯಲ್ಲ, ಹಳೆಯ ಕಥೆಯೊಂದರ ನಿರೂಪಣೆ. ಕಪಿಲ ಮಹಾಬ್ರಹ್ಮನು ಧರ್ಮಪಾಲನೆಂಬ ಜಾಣ ಹುಡುಗನಿಗೆ ಒಗಟೊಂದನ್ನು ಒಡ್ಡುತ್ತಾನೆ: ಮನುಷ್ಯನ ಭಾಗ್ಯ ಬೆಳಗ್ಗೆ ಎಲ್ಲಿರುತ್ತದೆ, ಮಧ್ಯಾಹ್ನ ಎಲ್ಲಿರುತ್ತದೆ, ಸಂಜೆ ಎಲ್ಲಿರುತ್ತದೆ? ಸೋತವನು ತಲೆ ಕೊಡಬೇಕು. ಉತ್ತರ ಹೊಳೆಯದೆ ಹುಡುಗ ತಾಳೆಮರದ ಕೆಳಗೆ ಮಲಗಿದಾಗ ಮೇಲೆ ಗೂಡಿನಲ್ಲಿದ್ದ ಹದ್ದಿನ ಜೋಡಿ ಮಾತನಾಡಿಕೊಳ್ಳುವುದನ್ನು ಕೇಳಿಸಿಕೊಳ್ಳುತ್ತಾನೆ. ಬೆಳಗ್ಗೆ ಮುಖದಲ್ಲಿ, ಅದಕ್ಕೇ ಮುಖ ತೊಳೆಯುತ್ತಾರೆ. ಮಧ್ಯಾಹ್ನ ಎದೆಯಲ್ಲಿ, ಅದಕ್ಕೇ ಎದೆಗೆ ನೀರು ಹಾಕಿಕೊಳ್ಳುತ್ತಾರೆ. ಸಂಜೆ ಪಾದದಲ್ಲಿ, ಅದಕ್ಕೇ ಮಲಗುವ ಮುನ್ನ ಕಾಲು ತೊಳೆಯುತ್ತಾರೆ. ಸೋತ ಬ್ರಹ್ಮನ ತಲೆ ನೆಲಕ್ಕೆ ಬಿದ್ದರೆ ಭೂಮಿ ಸುಡುತ್ತದೆ, ಸಮುದ್ರಕ್ಕೆ ಬಿದ್ದರೆ ನೀರು ಬತ್ತುತ್ತದೆ. ಆದ್ದರಿಂದ ಅವನ ಏಳು ಹೆಣ್ಣುಮಕ್ಕಳು ಅದನ್ನು ಕೈಲಾಸದ ಗುಹೆಯೊಂದರಲ್ಲಿ ಇಟ್ಟು, ವರ್ಷಕ್ಕೊಬ್ಬಳಂತೆ ಮೇರುಪರ್ವತದ ಸುತ್ತ ಮೆರವಣಿಗೆ ಮಾಡುತ್ತಾರೆ. ಸಂಕ್ರಮಣ ಯಾವ ವಾರ ಬೀಳುತ್ತದೆಯೋ ಆ ವಾರದ ಮಗಳೇ ಆ ವರ್ಷದ ದೇವತೆ. ಭಾನುವಾರವಾದರೆ ತುಂಗ್ಸಾ; ಅವಳ ವಾಹನ ಗರುಡ, ಮುಡಿಯುವುದು ದಾಳಿಂಬೆಯ ಹೂವು, ತಿನ್ನುವುದು ಅತ್ತಿಹಣ್ಣು. ಜೋಯಿಸರು ಗಳಿಗೆ ಲೆಕ್ಕಹಾಕುತ್ತಾರೆ; ಅದು ಒಂದು ವರ್ಷ ನಸುಕಿನ ನಾಲ್ಕಕ್ಕೆ, ಇನ್ನೊಂದು ವರ್ಷ ರಾತ್ರಿ ಹತ್ತಕ್ಕೆ ಬರುತ್ತದೆ. ಗಡಿಯಾರವೇ ಇಲ್ಲದ ಮನೆಗಳಿಗೆ ಆ ಗಳಿಗೆಯನ್ನು ಸರಿಯಾಗಿ ಮುಟ್ಟಿಸಿದ್ದು ಮೊದಲು ರೇಡಿಯೋ, ಆಮೇಲೆ ಟಿವಿ. ನನ್ನ ಅತ್ತೆಯವರಿಗೆ ಟಿವಿ ಇಲ್ಲದ ಹೊಸವರ್ಷವನ್ನು ಊಹಿಸಿಕೊಳ್ಳುವುದೇ ಕಷ್ಟ, ಆದರೆ ಅವರ ಭಕ್ತಿ ಇದರಿಂದ ಕಡಿಮೆಯಾಗಿಲ್ಲ.

ನೂಲು ಸೂಜಿ:
ನಾನು ಒಂಬತ್ತು ವರ್ಷ ನೋಮ್ ಪೆನ್ ಹೊರವಲಯದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಮೇಲ್ವಿಚಾರಕನಾಗಿದ್ದೆ. ಆ ತಾಯಿಯ ನೋವನ್ನು ಗೌರವಿಸುತ್ತಲೇ ಮಗಳ ಪರವಾಗಿ ಮಾತನಾಡಬೇಕೆನಿಸಿದೆ.

ಈ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಯುವತಿಯರು. ನಾಲ್ಕೈದು ಮಂದಿ ಒಂದೇ ಬಾಡಿಗೆ ಕೋಣೆಯಲ್ಲಿದ್ದು, ಸಂಬಳದ ದೊಡ್ಡ ಪಾಲನ್ನು ಮನೆಗೆ ಕಳುಹಿಸುತ್ತಾರೆ. ಅವರಿಗೆ ಊರಿನಲ್ಲಿ ನಾಲ್ಕು ದಿನ ಒಟ್ಟಿಗೆ ಇರಲು ಸಿಗುವುದು ಮುಖ್ಯವಾಗಿ ಎರಡೇ ಸಲ, ಏಪ್ರಿಲ್‌ನ ಹೊಸವರ್ಷಕ್ಕೆ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸತ್ತ ಹಿರಿಯರನ್ನು ನೆನೆಯುವ ಪ್ಚುಮ್ ಬೆನ್ ಹಬ್ಬಕ್ಕೆ. ರಜೆಯ ಹಿಂದಿನ ಸಂಜೆ ಕಾರ್ಖಾನೆಯ ಗೇಟಿನ ಮುಂದೆ ವ್ಯಾನುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಹನ್ನೆರಡು ಜನರ ವ್ಯಾನಿನಲ್ಲಿ ಇಪ್ಪತ್ತೈದು ಜನ, ಮೇಲೆ ಅಕ್ಕಿಮೂಟೆ, ಹಿಂದೆ ಮೋಟಾರ್‌ಸೈಕಲ್. ಆ ಹುಡುಗಿಯರು ವರ್ಷವಿಡೀ ಯಂತ್ರದ ಸದ್ದಿನಲ್ಲಿ ತಲೆತಗ್ಗಿಸಿ ಕುಳಿತವರು. ಊರಿನ ಅಂಗಳದಲ್ಲಿ ಧ್ವನಿವರ್ಧಕ ಹಾಕಿ ಮೂರು ರಾತ್ರಿ ಕುಣಿದರೆ ಅದನ್ನು ಹಬ್ಬ ಕೆಟ್ಟಿತೆಂದು ನಾನು ಹೇಳಲಾರೆ. ಬಾಡಿಗೆಯ ಧ್ವನಿವರ್ಧಕಕ್ಕೆ ಹಣ ಕೂಡಿಸುವವರೂ ಬಹಳ ಕಡೆ ಅವರೇ. ಮೊದಲು ತಾಯಿಯ ಕೈಗೆ ಹಣ, ವಾಟ್‌ಗೆ ಕಾಣಿಕೆ, ತಮ್ಮನ ಶಾಲೆಯ ಖರ್ಚು; ಅದೆಲ್ಲ ಮುಗಿದ ಮೇಲೆ ಉಳಿದದ್ದರಲ್ಲಿ ಈ ಸಂಗೀತ.

2020ರಲ್ಲಿ ಕೋವಿಡ್ ಕಾರಣದಿಂದ ಸರ್ಕಾರ ಏಪ್ರಿಲ್‌ನ ರಜೆಯನ್ನು ತಡೆದು ಆಗಸ್ಟ್‌ನಲ್ಲಿ ಕೊಟ್ಟಿತು. ಆ ಏಪ್ರಿಲ್‌ನಲ್ಲಿ ನಮ್ಮ ಸಾಲಿನ ಹೆಣ್ಣುಮಕ್ಕಳು ಕೆಲಸ ಮಾಡುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ. ಆಗಸ್ಟ್‌ನಲ್ಲಿ ದೇವತೆ ಇಳಿಯುವುದಿಲ್ಲ ಎಂದು ಅವರಲ್ಲಿ ಒಬ್ಬಳು ನನಗೆ ಹೇಳಿದಳು. ಆದರೂ ಎಲ್ಲರೂ ಊರಿಗೆ ಹೋದರು.

ಕಲ್ಲುಕೆಲಸ:
ಮೇಲಿನವರ ಮಾತಿಗೆ ನನ್ನದೊಂದು ಹಳೆಯ ನೆನಪನ್ನು ಸೇರಿಸುತ್ತೇನೆ. 1986ರಿಂದ 1993ರವರೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯು ಅಂಕೋರ್ ವಾಟ್ ದೇವಾಲಯದ ಜೀರ್ಣೋದ್ಧಾರ ಮಾಡಿತು. ನಾನು ಆ ತಂಡದ ಕಿರಿಯ ಕೆಲಸಗಾರರಲ್ಲಿ ಒಬ್ಬನಾಗಿ ಎರಡು ಋತು ಸಿಯೆಮ್ ರೀಪ್‌ನಲ್ಲಿದ್ದೆ. ಕಲ್ಲು ತೊಳೆಯಲು ಬಳಸಿದ ರಾಸಾಯನಿಕದ ಬಗ್ಗೆ ಆಮೇಲೆ ಟೀಕೆಗಳು ಬಂದವು. ಅದು ಬೇರೆ ಚರ್ಚೆ, ಇಲ್ಲಿ ಎಳೆಯುವುದಿಲ್ಲ.

ಒಂದು ಏಪ್ರಿಲ್‌ನಲ್ಲಿ ಹೊಸವರ್ಷಕ್ಕೆ ನಮ್ಮ ಕೂಲಿಯಾಳುಗಳ ಹಳ್ಳಿಗೆ ಹೋಗಿದ್ದೆ. ಆಗ ಕತ್ತಲಾದ ಮೇಲೆ ಯಾರೂ ಹೊರಗೆ ಬರುತ್ತಿರಲಿಲ್ಲ, ಯುದ್ಧ ಇನ್ನೂ ಮುಗಿದಿರಲಿಲ್ಲ. ಹಗಲಿನಲ್ಲಿ ಜಿಂಕೆಯ ಕೊಂಬು ಹೊತ್ತು ಕುಣಿಯುವ ‘ತ್ರೋತ್’ ನೃತ್ಯದವರು ಮನೆಮನೆಗೆ ಬಂದರು. ನೃತ್ಯದಲ್ಲಿ ಹಿರಿಯರು ಬಹಳ ಕಡಿಮೆ ಇದ್ದರು. ನಾನು ತಿಳಿಯದೆ “ನಿಮ್ಮ ಊರಿನ ಮುದುಕರೆಲ್ಲಿ?” ಎಂದು ಕೇಳಿಬಿಟ್ಟೆ. ಯಾರೂ ಉತ್ತರ ಕೊಡಲಿಲ್ಲ. ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರರ ಸೈನ್ಯ ನೋಮ್ ಪೆನ್ ನಗರವನ್ನು ಹಿಡಿದು ಜನರನ್ನು ಹೊರಗಟ್ಟಿದ್ದು 1975ರ ಏಪ್ರಿಲ್ 17ರಂದು, ಆ ವರ್ಷದ ಹೊಸವರ್ಷದ ಬೆನ್ನಿಗೇ. ಮುಂದಿನ ಸುಮಾರು ನಾಲ್ಕು ವರ್ಷ ಹಬ್ಬಗಳು ಇರಲಿಲ್ಲ; ಭಿಕ್ಷುಗಳ ಕಾವಿ ಕಳಚಿಸಿದರು, ವಾಟ್‌ಗಳನ್ನು ಸೆರೆಮನೆಗಳನ್ನಾಗಿಯೂ ಉಗ್ರಾಣಗಳನ್ನಾಗಿಯೂ ಮಾಡಿದರು. 15ರಿಂದ 20 ಲಕ್ಷ ಜನ ಸತ್ತರೆಂದು ಅಂದಾಜು.

ಆದ್ದರಿಂದ ಹೇಮಾವತಿಯವರೇ, ಅರುವತ್ತು ದಾಟಿದ ಖ್ಮೇರ್ ತಾಯಿಯೊಬ್ಬರು ಹೊಸವರ್ಷದ ಬಗ್ಗೆ ದುಃಖದಿಂದ ಮಾತನಾಡಿದರೆ ಅದು ಬಿಯರ್ ಮತ್ತು ಧ್ವನಿವರ್ಧಕದ ಮೇಲಿನ ಬೇಸರ ಮಾತ್ರ ಎಂದುಕೊಳ್ಳಬೇಡಿ. ಏಪ್ರಿಲ್ ತಿಂಗಳು ಅವರಿಗೆ ಎರಡು ನೆನಪುಗಳನ್ನು ಒಟ್ಟಿಗೆ ತರುತ್ತದೆ. ಅವರಾಗಿಯೇ ಹೇಳುವವರೆಗೆ ಕೇಳಬೇಡಿ.

ಹೇಮಾವತಿ ತೀರ:
ಕಲ್ಲುಕೆಲಸದವರೇ, ಇದನ್ನು ತಿಳಿಸಿದ್ದಕ್ಕೆ ನಾನು ಋಣಿ. ಆಕೆಗೆ ಈಗ ಅರುವತ್ತೆಂಟು, 1975ರಲ್ಲಿ ಹದಿಹರೆಯ. ನಾನು ಖಂಡಿತ ಕೇಳಿಬಿಡುತ್ತಿದ್ದೆ.

ಗ್ರಾಮಫೋನ್ ಪೆಟ್ಟಿಗೆ:
ಹಾಡುಗಳ ಬಗ್ಗೆ ಬರೆಯಲೇಬೇಕು, ಏಕೆಂದರೆ ‘ಹಳೆಯದು ಶುದ್ಧ, ಹೊಸದು ಕಲಬೆರಕೆ’ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಹಳ್ಳಿಯ ಹಿರಿಯರು ಹಂಬಲಿಸುವ ‘ಹಳೆಯ’ ಹಾಡುಗಳು ಹೆಚ್ಚಾಗಿ 1960ರ ದಶಕದವು ಮತ್ತು 1970ರ ಆರಂಭದವು: ಸಿನ್ ಸಿಸಾಮುತ್, ರೋಸ್ ಸೆರೈ ಸೊಥಿಯಾ, ಪೆನ್ ರಾನ್ ಅವರ ಹಾಡುಗಳು. ಆ ಸಂಗೀತ ತನ್ನ ಕಾಲದಲ್ಲಿ ಅತ್ಯಂತ ಹೊಸದಾಗಿತ್ತು. ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆ, ಲ್ಯಾಟಿನ್ ಅಮೆರಿಕದ ತಾಳಗಳಿವೆ, ರಾಕ್ ಅಂಡ್ ರೋಲ್ ಇದೆ; ಇವೆಲ್ಲದರ ಮೇಲೆ ಖ್ಮೇರ್ ಗಾಯನದ ಆ ನಡುಗುವ ಎತ್ತರದ ಸ್ವರವಿದೆ. ಹೊಸವರ್ಷಕ್ಕೆ ಎಲ್ಲ ವಯಸ್ಸಿನವರೂ ಸಾಲುಗಟ್ಟಿ ಕುಣಿಯುವ ‘ಮಾದಿಸೋನ್’ ಕೂಡ ಅಮೆರಿಕದ ಮ್ಯಾಡಿಸನ್ ಎಂಬ ಸಾಲುನೃತ್ಯದಿಂದ ಬಂದದ್ದು. ಇಂದು ಅದನ್ನು ಖ್ಮೇರ್ ಹಬ್ಬದ ಕುಣಿತವಲ್ಲ ಎಂದು ಯಾವ ಅಜ್ಜಿಯೂ ಹೇಳುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಸಿಯೆಮ್ ರೀಪ್‌ನ ಅಂಕೋರ್ ಸಂಕ್ರಾಂತ ಉತ್ಸವದಲ್ಲಿ 2,015 ಮಂದಿ ಒಟ್ಟಿಗೆ ಮಾದಿಸೋನ್ ಕುಣಿದು ಗಿನ್ನೆಸ್ ದಾಖಲೆ ಮಾಡಿದರು. ಅದೇ ಉತ್ಸವದಲ್ಲಿ ನಾಲ್ಕು ಟನ್ನಿಗೂ ಮೀರಿದ ಅಕ್ಕಿಯ ಕಡುಬನ್ನೂ ಮಾಡಿದ್ದರು.

ಈ ಗಾಯಕರಲ್ಲಿ ಹೆಚ್ಚಿನವರು ಖ್ಮೇರ್ ರೂಜ್ ಕಾಲದಲ್ಲಿ ಕಾಣೆಯಾದರು. ಅವರು ಎಲ್ಲಿ, ಹೇಗೆ ಸತ್ತರೆಂದು ಹೇಳುವ ದಾಖಲೆ ಇಲ್ಲ. ಮೂಲ ಮುದ್ರಿಕೆಗಳಲ್ಲಿ ಅನೇಕವು ನಾಶವಾದವು. ಉಳಿದ ಹಾಡುಗಳು ಬದುಕಿದ್ದು ಯಾವ ದಾರಿಯಲ್ಲಿ? ಹೊರದೇಶಕ್ಕೆ ಓಡಿಹೋದವರು ಒಯ್ದ ಮುದ್ರಿಕೆಗಳಿಂದ ಮಾಡಿದ ಕ್ಯಾಸೆಟ್ ಪ್ರತಿಗಳ ಮೂಲಕ, ಆಮೇಲೆ ಹಾಡಿನ ಕಂಪನಿಗಳು ಹೊಸ ಗಾಯಕರಿಂದ ಮತ್ತೆ ಹಾಡಿಸಿ ಹೊಸವರ್ಷಕ್ಕೆಂದೇ ಹೊರತಂದ ವಿಸಿಡಿಗಳ ಮೂಲಕ. ಇಂದು ಆ ತಾಯಿಯನ್ನು ರೇಗಿಸುತ್ತಿರುವ ರೀಮಿಕ್ಸ್‌ಗಳಲ್ಲೂ ಅರ್ಧಕ್ಕರ್ಧ ಸಿಸಾಮುತ್ ಅವರ ರಾಗಗಳೇ ಇರುತ್ತವೆ. ಧ್ವನಿ ಅತಿಯಾಗಿದೆ ಎಂಬ ದೂರನ್ನು ನಾನು ಒಪ್ಪುತ್ತೇನೆ, ಆದರೆ ಹಾಡು ಪರಕೀಯವೆಂಬ ಮಾತನ್ನು ಒಪ್ಪಲಾರೆ.

ಮೌನ ಓದುಗ:
ಮಾದಿಸೋನ್ ಕುಣಿಯುವುದು ಹೇಗೆ? ಹೇಮಾವತಿಯವರಿಗೆ ಬೇಕಾಗಬಹುದು.

ಅರ್ಧ ಖ್ಮೇರ್ ಮನೆ:
ಎಲ್ಲರೂ ಒಂದೇ ದಿಕ್ಕಿಗೆ ಮುಖಮಾಡಿ ಸಾಲಿನಲ್ಲಿ ನಿಲ್ಲುತ್ತಾರೆ. ನಿಗದಿಯಾದ ಹೆಜ್ಜೆಗಳು ಮುಗಿದಾಗ ಎಲ್ಲರೂ ಒಟ್ಟಿಗೆ ಕಾಲುಭಾಗ ತಿರುಗಿ ಮತ್ತೆ ಅದೇ ಹೆಜ್ಜೆ ಹಾಕುತ್ತಾರೆ. ತಪ್ಪಿದರೆ ಪಕ್ಕದವರ ಪಾದ ನೋಡಿದರಾಯಿತು. ‘ರಾಮ್‌ವಾಂಗ್’ ಇದಕ್ಕಿಂತ ಸುಲಭ: ನಡುವೆ ಹೂದಾನಿಯಿಟ್ಟ ಮೇಜಿನ ಸುತ್ತ ನಿಧಾನವಾಗಿ ನಡೆಯುತ್ತ, ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಕೈಗಳನ್ನು ಮೇಲೆ ಕೆಳಗೆ ಆಡಿಸಬೇಕು. ಕರೆದಾಗ ಸಂಕೋಚಪಟ್ಟು ಕೂರಬೇಡಿ, ಅತಿಥಿ ಕುಣಿಯದಿದ್ದರೆ ಮನೆಯವರಿಗೆ ಬೇಸರವಾಗುತ್ತದೆ.

ಲಾಂಗ್‌ಬೀಚ್ ಕನ್ನಡತಿ:
ಕ್ಯಾಸೆಟ್ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನಮ್ಮ ಮನೆ ಇರುವುದು ‘ಕಾಂಬೋಡಿಯಾ ಟೌನ್’ ಎಂದು 2007ರಲ್ಲಿ ಅಧಿಕೃತ ಹೆಸರು ಪಡೆದ ಬಡಾವಣೆಯ ಹತ್ತಿರ. ಪ್ರತಿ ಏಪ್ರಿಲ್‌ನಲ್ಲಿ ಇಲ್ಲಿ ಹೊಸವರ್ಷ ನಡೆಯುತ್ತದೆ. ಪಕ್ಕದ ಡೋನಟ್ ಅಂಗಡಿ ಖ್ಮೇರ್ ಕುಟುಂಬದ್ದು. ಕ್ಯಾಲಿಫೋರ್ನಿಯಾದ ಸಣ್ಣ ಡೋನಟ್ ಅಂಗಡಿಗಳಲ್ಲಿ ಬಹುಪಾಲು ಅವರವೇ. ಆ ಅಂಗಡಿಯ ಹಿರಿಯರು ಕ್ಯಾಸೆಟ್ಟುಗಳನ್ನು ಇಂದಿಗೂ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದಾರೆ, ಮೊಮ್ಮಕ್ಕಳು ಅವೇ ಹಾಡುಗಳನ್ನು ಮೊಬೈಲಿನಲ್ಲಿ ಕೇಳುತ್ತಾರೆ. ಈಗ ಹಬ್ಬದ ದಿನ ಕಂಪಾಂಗ್ ಚಾಮ್‌ನ ಹಳ್ಳಿಯಿಂದ ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಬರುತ್ತದೆ. ಇಲ್ಲಿಯ ಮುದುಕಿಯೊಬ್ಬರು ಅಲ್ಲಿಯ ತಂಗಿಗೆ ಪರದೆಯಲ್ಲೇ ಕೈಮುಗಿಯುತ್ತಾರೆ. ಮಾಧ್ಯಮ ಹಬ್ಬವನ್ನು ಕೆಡಿಸಿತೇ ಎಂಬ ಪ್ರಶ್ನೆಯನ್ನು ಇವರ ಮುಂದಿಟ್ಟರೆ, ಹಬ್ಬವನ್ನು ತಮಗೆ ಉಳಿಸಿಕೊಟ್ಟದ್ದೇ ಮಾಧ್ಯಮವೆನ್ನುತ್ತಾರೆ.

ತುಂಗೆಯ ಮಗಳು:
ಎಲ್ಲರೂ ಹೊಸ ಸಂಗೀತದ ಪರ ನಿಂತಿರುವುದರಿಂದ ಆ ತಾಯಿಯ ಪರವಾಗಿ ನಾನೊಬ್ಬಳಾದರೂ ಮಾತನಾಡುತ್ತೇನೆ. ನಾನು ಸಿಯೆಮ್ ರೀಪ್‌ನಲ್ಲಿ ಮೂರು ವರ್ಷ ಶಾಲಾ ಶಿಕ್ಷಕಿಯಾಗಿದ್ದೆ. ನೀರೆರಚುವುದು, ಮುಖಕ್ಕೆ ಪುಡಿ ಹಚ್ಚುವುದು ಮೂಲತಃ ಮೃದುವಾದ ಆಚರಣೆ; ಹಿರಿಯರ ಕೈಗೆ ಸುಗಂಧದ ನೀರು ಹಾಕಿ ಕ್ಷಮೆ ಕೇಳುವುದರ ಮುಂದುವರಿಕೆ. ಆದರೆ ನಗರದ ಬೀದಿಯಲ್ಲಿ ಅಪರಿಚಿತ ಗಂಡಸರ ಗುಂಪು ಮೋಟಾರ್‌ಸೈಕಲ್ ತಡೆದು ಮುಖ, ಕುತ್ತಿಗೆಗೆ ಪುಡಿ ಮೆತ್ತಿದಾಗ ನನಗೆ ಅದು ಹಬ್ಬವಾಗಿ ಕಾಣಲಿಲ್ಲ. ನನ್ನ ವಿದ್ಯಾರ್ಥಿನಿಯರೂ ಇದನ್ನೇ ಹೇಳುತ್ತಿದ್ದರು. ಕೆಲವು ವರ್ಷ ಅಧಿಕಾರಿಗಳು ಬೀದಿಯಲ್ಲಿ ನೀರುಗನ್ನು ಮತ್ತು ಪುಡಿಯನ್ನು ನಿಷೇಧಿಸಿದ್ದೂ ಇದಕ್ಕಾಗಿಯೇ. ನಮ್ಮ ಕಡೆಯ ಓಕುಳಿಯಲ್ಲೂ ಇದೇ ತೊಂದರೆಯಿದೆ ಎಂಬುದನ್ನು ನಾನು ಮರೆತಿಲ್ಲ.

ಇನ್ನೊಂದು ನಷ್ಟವನ್ನೂ ಹೇಳಬೇಕು. ಹಳ್ಳಿಯ ಆಟಗಳು ಹಾಡಿನಿಂದಲೇ ನಡೆಯುತ್ತಿದ್ದವು. ‘ಚೋಲ್ ಛೂಂಗ್’ ಆಟದಲ್ಲಿ ಹುಡುಗರೂ ಹುಡುಗಿಯರೂ ಎದುರುಬದುರು ಸಾಲಾಗಿ ನಿಂತು, ‘ಕ್ರಮಾ’ ಎಂಬ ಚೌಕಳಿ ವಸ್ತ್ರವನ್ನು ಚೆಂಡಿನಂತೆ ಗಂಟುಕಟ್ಟಿ ಎಸೆಯುತ್ತಾರೆ; ಪೆಟ್ಟು ತಿಂದವರು ಹಾಡುತ್ತ ಕುಣಿಯುತ್ತ ಅದನ್ನು ಮರಳಿ ಕೊಡಬೇಕು. ‘ಬೋಸ್ ಅಂಗ್ಕುಞ್’ ಆಟಕ್ಕೆ ಕಾಡುಬಳ್ಳಿಯೊಂದರ ದೊಡ್ಡ ಗಟ್ಟಿ ಬೀಜ ಬೇಕು. ಗೆದ್ದವರು ಸೋತವರ ಮಂಡಿಗೆ ಆ ಬೀಜಗಳಿಂದ ಟಕ್ಕೆಂದು ಕುಟ್ಟುತ್ತಾರೆ. ‘ಲೇಕ್ ಕನ್ಸೇಂಗ್’ ಅಂತೂ ನಾವು ಆಡುತ್ತಿದ್ದ ‘ಟೋಪಿ ಬೇಕಾ ಟೋಪಿ’ಯೇ: ವೃತ್ತದಲ್ಲಿ ಕುಳಿತವರ ಬೆನ್ನ ಹಿಂದೆ ಬಟ್ಟೆ ಬಚ್ಚಿಟ್ಟು ಓಡುವುದು. ಹತ್ತು ಅಡಿ ಎತ್ತರದ ಧ್ವನಿವರ್ಧಕದ ಪಕ್ಕದಲ್ಲಿ ಚೋಲ್ ಛೂಂಗ್ ಹಾಡನ್ನು ಯಾರು ಹಾಡಿಯಾರು, ಯಾರು ಕೇಳಿಯಾರು? ಒಂದು ಸದ್ದು ಇನ್ನೊಂದನ್ನು ಮುಚ್ಚಿದೆ ಎಂದಷ್ಟೇ ಆ ತಾಯಿ ಹೇಳುತ್ತಿರಬಹುದು. ಅದು ನ್ಯಾಯವಾದ ದೂರು.

ಗ್ರಾಮಫೋನ್ ಪೆಟ್ಟಿಗೆ:
ತುಂಗೆಯ ಮಗಳು ಹೇಳಿದ ಕೊನೆಯ ಮಾತಿನ ಮುಂದೆ ನನ್ನ ವಾದ ತಗ್ಗುತ್ತದೆ, ಒಪ್ಪುತ್ತೇನೆ. ಆದರೂ ಒಂದನ್ನು ಗಮನಿಸಿ. ಉದ್ದ ಕೊರಳಿನ ಎರಡು ತಂತಿಯ ವಾದ್ಯವಾದ ಚಾಪೈ 2016ರಲ್ಲಿ ಯುನೆಸ್ಕೋದ ‘ತುರ್ತು ರಕ್ಷಣೆ ಬೇಕಾದ’ ಪಟ್ಟಿಗೆ ಸೇರಿತ್ತು. 2021ರಲ್ಲಿ ರ‍್ಯಾಪ್ ಗಾಯಕ ವಣ್ಣಡಾ ಅದರ ಹಿರಿಯ ಅಂಧ ಕಲಾವಿದ ಕಾಂಗ್ ನೈ ಅವರ ಜೊತೆಗೂಡಿ ಹಾಡಿದಾಗ, ಚಾಪೈಯನ್ನು ಎಂದೂ ಕೇಳದ ಹುಡುಗರು ಅದನ್ನು ಕೇಳಿದರು. ಕಾಂಗ್ ನೈ 2024ರಲ್ಲಿ ತೀರಿಕೊಂಡರು. ಅವರ ದನಿ ಈಗ ಹೊಸವರ್ಷದ ಅದೇ ಧ್ವನಿವರ್ಧಕಗಳಿಂದ ಹೊರಡುತ್ತದೆ.

ನೂಲು ಸೂಜಿ:
ಬಿಯರ್ ಕಂಪನಿಗಳ ಬಗ್ಗೆ ಮಾತ್ರ ತಾಯಿಯ ಮಾತೇ ಸರಿ. ಟಿವಿಯ ಹಬ್ಬದ ಸಂಗೀತ ಕಾರ್ಯಕ್ರಮಗಳಲ್ಲಿ ವೇದಿಕೆಯ ಹಿಂದೆ ಗಾಯಕರಿಗಿಂತ ದೊಡ್ಡದಾಗಿ ಕಾಣುವುದು ಬಿಯರಿನ ಹೆಸರು, ಡಬ್ಬಿಯ ಮುಚ್ಚಳದಲ್ಲಿ ಬಹುಮಾನದ ಆಮಿಷ. ರಜೆ ಮುಗಿದು ಬರುವಾಗ ನಮ್ಮ ಕಾರ್ಖಾನೆಯಲ್ಲಿ ಪ್ರತಿ ವರ್ಷವೂ ಒಬ್ಬರೋ ಇಬ್ಬರೋ ರಸ್ತೆ ಅಪಘಾತದಲ್ಲಿ ಗಾಯಗೊಂಡಿರುತ್ತಿದ್ದರು. ಹೇಮಾವತಿಯವರೇ, ರಾತ್ರಿ ಪ್ರಯಾಣ ಮಾಡಬೇಡಿ. ಬೆಳಗಿನ ವ್ಯಾನಿಗೆ ಮೊದಲೇ ಸೀಟು ಕಾದಿರಿಸಿ.

ಬಿಸುಕಣಿ:
ಅರ್ಧ ಖ್ಮೇರ್ ಮನೆಯವರ ತಿದ್ದುಪಡಿಯನ್ನು ಸ್ವೀಕರಿಸುತ್ತೇನೆ. ಅವಸರದಲ್ಲಿ ದೊಡ್ಡ ಮಾತಾಡಿದ್ದೆ. ನಂಟಿನ ಬಗೆಗಿನ ನನ್ನ ಕುತೂಹಲ ಮಾತ್ರ ಹೆಚ್ಚಾಗಿದೆ. ನೂಲು ಸೂಜಿಯವರು ಹೆಸರಿಸಿದ ಪ್ಚುಮ್ ಬೆನ್ ನಮ್ಮ ಪಿತೃಪಕ್ಷದ ಹೊತ್ತಿನಲ್ಲೇ ಬರುವುದು ಆಕಸ್ಮಿಕವೇ?

ಅರ್ಧ ಖ್ಮೇರ್ ಮನೆ:
ಆಕಸ್ಮಿಕವಲ್ಲ. ‘ಬೆನ್’ ಎಂದರೆ ಪಿಂಡ, ಪದವೂ ಅದೇ. ‘ಪ್ಚುಮ್’ ಎಂದರೆ ಕೂಡುವುದು. ಅವರ ಫೊತ್ರೊಬೊತ್, ಅಂದರೆ ಭಾದ್ರಪದದ ಕೃಷ್ಣಪಕ್ಷದ ಹದಿನೈದು ದಿನ. 2024ರಲ್ಲಿ ನಮ್ಮ ಮಹಾಲಯ ಅಮಾವಾಸ್ಯೆಯೂ ಅವರ ಪ್ಚುಮ್ ಬೆನ್ ದಿನವೂ ಅಕ್ಟೋಬರ್ 2ರಂದೇ ಬಂದವು. ನಮ್ಮ ಮನೆಯಲ್ಲಿ ಎರಡೂ ನಡೆದವು. ವ್ಯತ್ಯಾಸವೂ ಇದೆ. ನಮ್ಮಲ್ಲಿ ಮಗನು ತನ್ನ ಮೂರು ತಲೆಮಾರಿನವರನ್ನು ಹೆಸರಿಟ್ಟು ಕರೆದು ಪಿಂಡ ಇಡುತ್ತಾನೆ. ಅಲ್ಲಿ ನಸುಕಿನ ನಾಲ್ಕಕ್ಕೆ ಹೆಂಗಸರು, ಮಕ್ಕಳು ಎಲ್ಲರೂ ವಾಟ್‌ಗೆ ಹೋಗಿ, ದೇಗುಲದ ಸುತ್ತ ಕತ್ತಲಲ್ಲಿ ನಡೆಯುತ್ತ ಎಳ್ಳು ಬೆರೆಸಿದ ಅಂಟಕ್ಕಿ ಅನ್ನದ ಉಂಡೆಗಳನ್ನು ನೆಲಕ್ಕೆ ಎಸೆಯುತ್ತಾರೆ. ಸೂಜಿಗಣ್ಣಿನಷ್ಟು ಬಾಯಿಯ, ಬೆಳಕಿಗೆ ಅಂಜುವ ಪ್ರೇತಗಳು ಏಳು ವಾಟ್‌ಗಳಲ್ಲಿ ತಮ್ಮವರನ್ನು ಹುಡುಕುತ್ತವೆ, ಸಿಗದಿದ್ದರೆ ಶಪಿಸುತ್ತವೆ ಎಂಬ ನಂಬಿಕೆಯಿದೆ. ಅನ್ನ ಎಸೆಯುವುದು ವ್ಯರ್ಥ, ಭಿಕ್ಷುಗಳಿಗೆ ಕೊಟ್ಟರೆ ಪುಣ್ಯ ಸತ್ತವರಿಗೆ ಮುಟ್ಟುತ್ತದೆ ಎಂದು ವಾದಿಸುವ ಭಿಕ್ಷುಗಳೂ ಇದ್ದಾರೆ. ನನ್ನ ಅತ್ತೆಯವರು ಎರಡನ್ನೂ ಮಾಡುತ್ತಾರೆ. ಅವರ ಅಣ್ಣಂದಿರು ಸತ್ತ ಜಾಗ ಯಾರಿಗೂ ಗೊತ್ತಿಲ್ಲ. ಯಾವ ವಾಟ್‌ಗೆ ಬರುತ್ತಾರೋ ತಿಳಿಯದೆಂದು ಅವರು ಏಳಕ್ಕೂ ಹೋಗುತ್ತಾರೆ.

ಬಿಸುಕಣಿ:
ಹಾಗಾದರೆ ಕಾರ್ತಿಕದಲ್ಲಿ ನಡೆಯುವ ಅವರ ದೋಣಿ ಹಬ್ಬಕ್ಕೆ ಅವಲಕ್ಕಿ ತಿನ್ನುತ್ತಾರೆಂದು ಕೇಳಿದ್ದೇನೆ, ನಿಜವೇ?

ಕಲ್ಲುಕೆಲಸ:
ನಿಜ. ‘ಅಂಬೋಕ್’ ಎಂದು ಹೆಸರು. ಹೊಸ ಭತ್ತವನ್ನು ಹುರಿದು ಒನಕೆಯಿಂದ ಕುಟ್ಟಿ, ಹುಣ್ಣಿಮೆಯ ಚಂದ್ರನಿಗೆ ನಮಿಸಿ, ಬಾಳೆಹಣ್ಣು ಮತ್ತು ಎಳನೀರಿನ ಜೊತೆ ತಿನ್ನುತ್ತಾರೆ. ನನ್ನ ಅಜ್ಜಿ ಮಾಡುತ್ತಿದ್ದ ಅವಲಕ್ಕಿಯ ಘಮವೇ ಅದಕ್ಕಿತ್ತು.

ನಿರ್ವಾಹಕ:
ದೋಣಿ ಹಬ್ಬಕ್ಕೆ ಬೇರೆ ಚರ್ಚೆ ಆರಂಭಿಸಬಹುದು. ಹೇಮಾವತಿಯವರ ಊಟದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ, ಹಬ್ಬಕ್ಕೆ ಉಳಿದಿರುವುದು ಆರು ದಿನ.

ತುಂಗೆಯ ಮಗಳು:
ಸಸ್ಯಾಹಾರಕ್ಕೆ ಅಲ್ಲಿ ‘ಮ್ಹೋಪ್ ಬುವಸ್’ ಎನ್ನುತ್ತಾರೆ. ವ್ರತದ ಊಟವೆಂಬ ಅರ್ಥದಲ್ಲಿ ಗೌರವದಿಂದಲೇ ನೋಡುತ್ತಾರೆ. ಆದರೆ ‘ಪ್ರಹೋಕ್’ ಎಂಬ ಹುದುಗಿಸಿದ ಮೀನು ಮತ್ತು ಮೀನಿನ ಸಾರು ಬಹುತೇಕ ಎಲ್ಲ ಅಡುಗೆಗೂ ಬೀಳುತ್ತದೆ, ಮೊದಲೇ ತಿಳಿಸಿಬಿಡಿ. ಹಬ್ಬದ ‘ನುಮ್ ಅನ್ಸಾಮ್’ ಎರಡು ಬಗೆ. ಹಂದಿಮಾಂಸ ಮತ್ತು ಹೆಸರುಬೇಳೆ ತುಂಬಿದ್ದು ಒಂದು. ಬಾಳೆಹಣ್ಣು ತುಂಬಿದ್ದು ‘ಅನ್ಸಾಮ್ ಚೇಕ್’, ಅದು ನಿಮ್ಮದು. ಎರಡನ್ನೂ ಬಾಳೆಎಲೆಯಲ್ಲಿ ಸುತ್ತಿ ಒಂದೇ ಹಂಡೆಯಲ್ಲಿ ಬೇಯಿಸುವುದುಂಟು, ಅದು ನಿಮಗೆ ನಡೆಯದಿದ್ದರೆ ಮೃದುವಾಗಿ ಹೇಳಿ. ಆ ತಾಯಿಯನ್ನು ‘ಮಿಂಗ್’, ಅಂದರೆ ಚಿಕ್ಕಮ್ಮ, ಎನ್ನಬೇಡಿ, ಆ ವಯಸ್ಸಿಗೆ ‘ಯೇಯ್’, ಅಂದರೆ ಅಜ್ಜಿ. ಕೈಮುಗಿಯುವಾಗ ಬೆರಳ ತುದಿ ಬಾಯಿಯ ಮಟ್ಟಕ್ಕಿರಲಿ. ಭಿಕ್ಷುಗಳಿಗೆ ಇನ್ನೂ ಎತ್ತರ, ಹುಬ್ಬಿನ ತನಕ. ಮಕ್ಕಳ ತಲೆ ಸವರಬೇಡಿ.

ಹೇಮಾವತಿ ತೀರ:
ಹೋಗಿ ಬಂದೆ. ಎಲ್ಲರಿಗೂ ವಿವರ ತಿಳಿಸುವುದು ನನ್ನ ಕರ್ತವ್ಯ.

ಬೆಳಗಿನ ವ್ಯಾನಿನಲ್ಲಿ ಹೋದೆ. ಮೂರು ಗಂಟೆಯ ದಾರಿಗೆ ಆರು ಗಂಟೆ ಹಿಡಿಯಿತು. ಯೇಯ್‌ಗೆ ಒಯ್ದಿದ್ದ ಇಳಕಲ್ ಸೀರೆಯನ್ನು ಅವರು ಉಡಲಿಲ್ಲ, ಮಡಿಕೆ ಬಿಚ್ಚದೆ ಬುದ್ಧನ ಪಟದ ಮುಂದೆ ಇಟ್ಟರು. ದೇವತೆಯನ್ನು ಬರಮಾಡಿಕೊಳ್ಳುವಾಗ ಟಿವಿಯ ಪಕ್ಕದಲ್ಲೇ ಮೊಬೈಲ್ ಇಟ್ಟು, ದಕ್ಷಿಣ ಕೊರಿಯಾದ ಕಾರ್ಖಾನೆಯಲ್ಲಿರುವ ಮಗನಿಗೆ ಎಲ್ಲವನ್ನೂ ತೋರಿಸಿದರು. ಎರಡನೆಯ ದಿನ ವಾಟ್‌ನಲ್ಲಿ ನನ್ನ ಕೈಯಿಂದಲೂ ಮರಳಿನ ಗುಡ್ಡ ಕಟ್ಟಿಸಿದರು. ಧ್ವನಿವರ್ಧಕ ಮೂರೂ ರಾತ್ರಿ ಒಂದು ಗಂಟೆಯವರೆಗೆ ಹಾಡಿತು. ಮೊದಲ ರಾತ್ರಿ ಯೇಯ್ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದರು. ಎರಡನೆಯ ರಾತ್ರಿ ಮಗಳೊಡನೆ ಜಗಳವಾಯಿತು. ಮೂರನೆಯ ಮಧ್ಯಾಹ್ನ ಮಗಳು ಅಂಗಳದಲ್ಲಿ ಸ್ಟೂಲ್ ಹಾಕಿ ಕೂರಿಸಿ, ಮಲ್ಲಿಗೆ ತೇಲಿಸಿದ ನೀರನ್ನು ತಾಯಿಯ ಹೆಗಲ ಮೇಲೆ ಎರೆದಳು. ಆಗ ಇಬ್ಬರೂ ಮಾತನಾಡಲಿಲ್ಲ. ಅದೇ ಸಂಜೆ ಮತ್ತೆ ಸಂಗೀತ ಶುರುವಾಯಿತು, ಮತ್ತೆ ಅವರು ಬೈದರು. 1975ರ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೊರಡುವಾಗ ಹನ್ನೆರಡು ಅನ್ಸಾಮ್ ಚೇಕ್ ಕಟ್ಟಿಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಫ್ರಿಜ್ ಕೆಟ್ಟಿದೆ. ಇವು ಎಷ್ಟು ದಿನ ಉಳಿಯುತ್ತವೆ?

ಅರ್ಧ ಖ್ಮೇರ್ ಮನೆ:
ಈ ಸೆಕೆಯಲ್ಲಿ ಎರಡು ಮೂರು ದಿನ. ಎಲೆ ಬಿಚ್ಚದೆ ಗಾಳಿಯಾಡುವ ಕಡೆ ಹಗ್ಗಕ್ಕೆ ತೂಗುಹಾಕಿ. ಮೂರನೆಯ ದಿನ ಬೆರಳು ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ ಎಣ್ಣೆಯಲ್ಲಿ ಹುರಿಯಿರಿ. ಅಂಚು ಕೆಂಪಗಾಗುವವರೆಗೆ ಮಗುಚಬೇಡಿ, ಅಂಟಿಕೊಳ್ಳುತ್ತದೆ.